ಅರಮನೆ ಸೇರಿದ ಜಡೆ

ಹೆಂಗ್ದಿಯನ್ ಊರಿನಲ್ಲಿ ರಾಜರಿಗೆ ಬರವಿಲ್ಲ. ಬೆಳಗಾದರೆ ಹಳದಿ ನಿಲುವಂಗಿ ತೊಟ್ಟ ಐದಾರು ಚಕ್ರವರ್ತಿಗಳು ತಿಂಡಿ ಗಾಡಿಯ ಮುಂದೆ ಸಾಲುಗಟ್ಟಿ ನಿಂತು ಒಣಸೊಪ್ಪಿನ ರೊಟ್ಟಿ ಕೊಳ್ಳುತ್ತಾರೆ. ಅವರ ಹಿಂದೆ ಪಟ್ಟದ ರಾಣಿ ಮೊಬೈಲ್ ಒತ್ತುತ್ತ ಆಕಳಿಸುತ್ತಾಳೆ. ಟೀವಿ ಧಾರಾವಾಹಿಗಳಿಗೆಂದೇ ಕಟ್ಟಿದ ಅರಮನೆಗಳ ಊರು ಅದು. ಅಲ್ಲಿಯವರು ಯಾವ ಮಹಾರಾಜನಿಗೂ ದಾರಿ ಬಿಡುವುದಿಲ್ಲ. ಲೌ ಗ್ವೇಶ್ಯಾನ್ ಮಾತ್ರ ಎದುರಿಗೆ ಸಿಕ್ಕ ರಾಜರಾಣಿಯರನ್ನೆಲ್ಲ ನಿಂತು ನೋಡುತ್ತಿದ್ದಳು. ನೋಡುತ್ತಿದ್ದದ್ದು ಅವರ ಹಣೆಯ ಅಂಚನ್ನು. ಟೋಪನ್ ಎಲ್ಲಿ ಮುಗಿದು ಚರ್ಮ ಎಲ್ಲಿ ಶುರುವಾಗುತ್ತದೆ ಎಂದು ಮಾರು ದೂರದಿಂದ ಗೊತ್ತಾಗಿಬಿಟ್ಟರೆ, "ಥೂ, ಯಾವಳೋ ಒಲೆ ಮೇಲೆ ಅನ್ನ ಇಟ್ಟು ಹೆಣೆದಿದಾಳೆ" ಎಂದು ರಾಜನ ಕಿವಿಗೇ ಬೀಳುವಂತೆ ಹೇಳಿ ಮುಂದೆ ಹೋಗುವಳು.

ಇಪ್ಪತ್ತೊಂದು ವರ್ಷದಿಂದ ಅವಳ ಕಸುಬು ಅದು. ಮರದ ತಲೆಯ ಮೇಲೆ ಜೇಡರ ಬಲೆಯಷ್ಟು ತೆಳುವಾದ ಬಟ್ಟೆ ಬಿಗಿದು, ಕೊಕ್ಕೆಸೂಜಿಯಿಂದ ಕೂದಲನ್ನು ಒಂದೊಂದಾಗಿ ಎಳೆದು ಗಂಟು ಹಾಕುವುದು. ಹಣೆಯ ಅಂಚಿಗೆ ಒಂದೇ ಎಳೆ, ನೆತ್ತಿಗೆ ಎರಡು, ಹಿಂದಕ್ಕೆ ಮೂರು. ಒಂದು ತಲೆ ತುಂಬುವ ಹೊತ್ತಿಗೆ ಹತ್ತಿರ ಹತ್ತಿರ ತಿಂಗಳು. ಗಂಡ ತೀರಿಕೊಂಡ ಮೇಲೆ ಅವಳು ಮಗಳನ್ನು ಸಾಕಿದ್ದು ಈ ಗಂಟುಗಳಿಂದಲೇ. ಕಾರ್ಖಾನೆಯ ಯಜಮಾನ ಚೂ ಮೇಸ್ತ್ರಿ ಯಾರನ್ನೂ ಹೊಗಳಿದವನಲ್ಲ. ದೊಡ್ಡ ರಾಣಿಯ ತಲೆ ಬಂದರೆ ಮಾತ್ರ ಏನೂ ಹೇಳದೆ ಅವಳ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದ.

ಮಗಳ ಹೆಸರು ಸಾಂಗ್ಯಾ, ಮನೆಯಲ್ಲಿ ಯಾಯಾ. ಮಂಡಿಯವರೆಗಿನ ಜಡೆ ಅವಳದು. ಯಾವ ಬಣ್ಣ, ಯಾವ ಔಷಧಿಯೂ ಸೋಕದ ಕೂದಲು. ಬೀದಿಯಲ್ಲಿ ಹೋದರೆ ಕಾರ್ಖಾನೆಯ ಹೆಂಗಸರೆಲ್ಲ ಕೈಕೆಲಸ ಬಿಟ್ಟು ಕಿಟಕಿಗೆ ಬರುತ್ತಿದ್ದರು. ಇಂಥ ಜಡೆಯ ಹುಡುಗಿ ಹೋಗಿ ಹೋಗಿ ಮನಸ್ಸು ಕೊಟ್ಟದ್ದು ದೂರದ ದ್ವೀಪದ ಯುಂಗ್‌ಚಾವ್ ಎಂಬುವನಿಗೆ. ಸಮುದ್ರದಲ್ಲಿ ಹಗ್ಗ ಇಳಿಬಿಟ್ಟು ಕಪ್ಪೆಚಿಪ್ಪು ಬೆಳೆಯುವ ಮನೆತನ. ಮದುವೆಯಾಗಿ ಹೋದ ಎರಡೇ ತಿಂಗಳಿಗೆ ಯಾಯಾ ಜಡೆ ಕತ್ತರಿಸಿಕೊಂಡು, ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಸುತ್ತಿ ತಾಯಿಗೆ ಕಳಿಸಿದಳು. ಅತ್ತೆ ಸೈದಿ ಹೇಳಿ ಕತ್ತರಿಸಿದ್ದಂತೆ. ಗ್ವೇಶ್ಯಾನಳಿಗೆ ಮೈಯೆಲ್ಲ ಉರಿದುಹೋಯಿತು. ಕೂಡಲೇ ಬೀಗಿತ್ತಿಗೆ ಫೋನ್ ಮಾಡಿದಳು.

"ಇಪ್ಪತ್ತು ವರ್ಷ ಎಣ್ಣೆ ಹಚ್ಚಿ ಬೆಳೆಸಿದ್ದು ನಾನು, ಕತ್ತರಿ ಆಡ್ಸೋಕೆ ನೀವ್ಯಾರು?"

ಸೈದಿ ದೋಣಿಯಿಂದ ದೋಣಿಗೆ ಕೂಗಿ ಕೂಗಿಯೇ ಗಂಟಲು ಒಡೆದುಕೊಂಡ ಹೆಂಗಸು. ಫೋನಿನಲ್ಲೂ ಹಾಗೇ ಕೂಗಿದಳು. "ಬೀಗಿತ್ತಿ, ಇಲ್ಲಿ ಹಗ್ಗ ಸುತ್ತೋ ರಾಟೆ ಇದೆ. ಜಡೆ ಸಿಕ್ಕಾಕೊಂಡ್ರೆ ತಲೆ ಸಮೇತ ಎಳ್ಕೊಳ್ಳತ್ತೆ. ನಿಮಗೆ ಜಡೆ ಬೇಕಾ ಮಗಳು ಬೇಕಾ?"

ಮಾತು ಸರಿಯಿತ್ತು, ಅದಕ್ಕೇ ಗ್ವೇಶ್ಯಾನ್ ಅದನ್ನು ಯಾವತ್ತೂ ಕ್ಷಮಿಸಲಿಲ್ಲ. ನಾಲ್ಕು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಸೈದಿ ಸೊಸೆಯನ್ನು ಆಗಾಗ ಚುಚ್ಚುತ್ತಿದ್ದಳು ಎಂಬುದೂ ಕಿವಿಗೆ ಬಿದ್ದಿತ್ತು. ಬೀಗಿತ್ತಿಯರ ಮಧ್ಯೆ ಮಾತು ನಿಂತುಹೋಯಿತು.

ಈ ವರ್ಷ ಐದನೇ ತಿಂಗಳಲ್ಲಿ 'ಹೊಟ್ಟೆಬಾಕ ರಾಣಿ' ಎಂಬ ಧಾರಾವಾಹಿಯ ಕೆಲಸ ಬಂತು. ಅದರಲ್ಲಿ ಅರಮನೆ ಧಾರಾವಾಹಿಗಳ ಮಾಮೂಲಿ ವಿಷಪ್ರಾಶನ, ಗರ್ಭಪಾತ ಒಂದೂ ಇಲ್ಲ, ಬರೀ ತಮಾಷೆ. ಬಡವರ ಮನೆಯ ಹುಡುಗಿಯೊಬ್ಬಳು ಅರಮನೆಯ ಅಡುಗೆಯ ಆಸೆಗೆ ಚಕ್ರವರ್ತಿಯ ಆರನೇ ದರ್ಜೆಯ ಕಿರಿರಾಣಿಯಾಗಿ ಬರುತ್ತಾಳೆ. ಉಳಿದ ರಾಣಿಯರು ಅವಳಿಗೆ ಸಂಚು ಹೂಡಿದಷ್ಟೂ ಇವಳು ಏನೋ ಒಂದನ್ನು ಕದ್ದು ತಿನ್ನಲು ಹೋಗಿ, ಗೊತ್ತಿಲ್ಲದೆಯೇ ಪಾರಾಗುತ್ತಾಳೆ. ಪಾತ್ರ ಮಾಡುವ ಹುಡುಗಿ ತಾನ್ ಯುವೆ, ಹೊಸಬಳು. ಓಡುವುದು, ಬೀಳುವುದು, ಜೋಲುವುದೇ ಜಾಸ್ತಿ ಇದ್ದದ್ದರಿಂದ ಒಂದೇ ತಲೆಯ, ಬಣ್ಣ ಕಾಣದ, ಉದ್ದ ಕೂದಲು ಬೇಕೆಂದು ಕೇಳಿದ್ದರು. ಎಲ್ಲಿ ಹುಡುಕಿದರೂ ಅಂಥದು ಸಿಗಲಿಲ್ಲ. ಗ್ವೇಶ್ಯಾನ್ ಇದನ್ನು ಸುಮ್ಮನೆ ಊರ ಸುದ್ದಿಯಂತೆ ಮಗಳಿಗೆ ಫೋನಿನಲ್ಲಿ ಹೇಳಿದಳು.

"ನನ್ ಜಡೆ ಇಲ್ವೇನಮ್ಮಾ? ಹುಳ ತಿಂತಾ?" ಎಂದಳು ಯಾಯಾ.

"ಹುಳ ತಿನ್ನೋ ಹಾಗೆ ಇಟ್ಟಿದ್ರೆ ನಾನು ಈ ಕಸುಬಿಗೆ ಲಾಯಕ್ಕೇನೇ?"

"ಹಾಗಾದ್ರೆ ಕೊಟ್ಬಿಡು. ನಾನಂತೂ ಇಲ್ಲಿ ಚಿಪ್ಪು ಕೆರೀತಾ ಕೂತಿದೀನಿ, ನನ್ ಕೂದಲಾದ್ರೂ ಅರಮನೆ ಸೇರ್ಲಿ. ನಮ್ಮತ್ತೆಗೆ ಹೇಳ್ತೀನಿ, ನೋಡಿ, ನಿಮ್ ಸೊಸೆ ಅರ್ಧ ರಾಣಿ, ಬಗ್ಗಿ ನಮಸ್ಕಾರ ಮಾಡಿ ಅಂತ."

"ಅವಳು ಮಾಡ್ತಾಳೆ! ಪೊರಕೇಲಿ."

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಮಾರನೆಯ ದಿನ ಡಬ್ಬಿ ಕಾರ್ಖಾನೆಗೆ ಹೋಯಿತು. ಹಣೆಯ ಅಂಚಿಗೆ ಬೇರೆಯವರ ಎಳೆಗೂದಲು ಬಳಸಿ, ನೆತ್ತಿಯಿಂದ ಹಿಂದಕ್ಕೆಲ್ಲ ಮಗಳ ಕೂದಲನ್ನೇ ಗ್ವೇಶ್ಯಾನ್ ನೆಟ್ಟಳು. ಬೇರೆ ಯಾರ ಕೈಗೂ ಕೊಡಲಿಲ್ಲ. ಆ ಒಂದು ತಿಂಗಳು ಅವಳು ಇದ್ದಷ್ಟು ಸುಖವಾಗಿ ಮತ್ತೆ ಇರಲಿಲ್ಲ. ಚಿತ್ರೀಕರಣ ಶುರುವಾದ ಮೇಲೆ ದಿನಾ ಸಂಜೆ ಮಗಳದು ಅದೇ ಪ್ರಶ್ನೆ: "ಅಮ್ಮಾ, ಇವತ್ತು ನಾನು ಏನು ಕದ್ದು ತಿಂದೆ?" ತಾಯಿ ಸೆಟ್ಟಿನ ಹುಡುಗಿಯರನ್ನು ವಿಚಾರಿಸಿ ವರದಿ ಒಪ್ಪಿಸುವಳು. ಇವತ್ತು ಖರ್ಜೂರದ ಕಡುಬು, ನಿನ್ನೆ ರಾಜಮಾತೆಯ ಔಷಧಿಯ ಜೇನು.

ಒಂಬತ್ತನೇ ತಿಂಗಳಲ್ಲಿ ಚಂಡಮಾರುತದ ಸೂಚನೆ ಬಂತು. ಚಿಪ್ಪಿನ ಹಗ್ಗಗಳನ್ನು ಬಿಗಿದು ಬರೋಣವೆಂದು ಗಂಡ ಹೆಂಡತಿ ದೋಣಿಯಲ್ಲಿ ಹೋದರು. ಗಾಳಿ ಇನ್ನೂ ದೂರವೇ ಇತ್ತು. ಬಂದದ್ದು ಒಂದೇ ಒಂದು ದೊಡ್ಡ ಅಲೆ. ಯುಂಗ್‌ಚಾವ್ ತಲೆಯೆತ್ತಿ ನೋಡುವಾಗ ದೋಣಿಯ ಆ ತುದಿಯಲ್ಲಿ ಹೆಂಡತಿ ಇರಲಿಲ್ಲ. ಹನ್ನೊಂದು ದೋಣಿಗಳು ಆರು ದಿನ ಹುಡುಕಿದವು. ಸಿಕ್ಕಿದ್ದು ಒಂದು ರಬ್ಬರ್ ಬೂಟು, ಅದೂ ಅವಳದೇ ಎಂದು ಯಾರೂ ಗಟ್ಟಿಯಾಗಿ ಹೇಳಲಾರದೆ ಹೋದರು.

ಗ್ವೇಶ್ಯಾನ್ ದ್ವೀಪಕ್ಕೆ ಹೋದಳು, ದಂಡೆಯಲ್ಲಿ ಕೂತಳು, ವಾಪಸು ಬಂದಳು. ಕಾರ್ಖಾನೆಯಲ್ಲಿ ಕೆಲಸಕ್ಕೆ ಕೂತರೆ ಸೂಜಿ ತನ್ನಷ್ಟಕ್ಕೆ ಓಡುತ್ತಿತ್ತು. ಸಂಜೆಯಾಗುತ್ತಿದ್ದಂತೆ ಕೈ ಫೋನಿನ ಕಡೆ ಹೋಗುವುದು. ಆಗ ಮಾತ್ರ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುವಳು. ಒಂದು ಸುಟ್ಟ ಬೂದಿಯಿಲ್ಲ, ಒಂದು ಮೂಳೆಯಿಲ್ಲ. ಸತ್ತಳು ಎನ್ನಲು ಏನಿದೆ ಎಂದು ಕೆಲವೊಮ್ಮೆ ಹುಚ್ಚು ಆಸೆ ಹುಟ್ಟಿ, ಅದೇ ಇನ್ನಷ್ಟು ಹಿಂಸೆ ಕೊಡುತ್ತಿತ್ತು.

ಸೂತಕದ ನಲವತ್ತೊಂಬತ್ತು ದಿನ ಕಳೆದ ಮೇಲೆ, ವರ್ಷಗಳ ನಂತರ ಮೊದಲ ಬಾರಿಗೆ, ಸೈದಿಯೇ ಫೋನ್ ಮಾಡಿದಳು.

"ಬೀಗಿತ್ತಿ, ಹುಲ್ಲಿನ ಮೈ ಕಟ್ತಾ ಇದೀನಿ. ಹದಿನೈದನೇ ತಾರೀಕು ತುಂಬು ಉಬ್ಬರ. ಅವತ್ತು ಅವಳನ್ನ ನೀರಿಂದ ಕರೀಬೇಕು, ಕರೆದು ಆ ಮೈಯಲ್ಲಿ ಕೂರಿಸಿ ಮಣ್ಣು ಮಾಡ್ಬೇಕು. ಇಲ್ದಿದ್ರೆ ಅಲ್ಲೇ ಅಲೀತಾಳೆ."

"ನನಗೇನ್ ಹೇಳ್ತೀರಿ, ಮಾಡಿ."

"ಬಟ್ಟೆ ನಮ್ಮತ್ರ ಇದೆ. ಮೈಯಿಂದು ಏನೂ ಇಲ್ಲ. ಉಗುರು, ಹಾಲುಹಲ್ಲು, ಕೂದಲು, ಏನಾದ್ರೂ ಇದ್ರೆ ಹುಲ್ಲು ಅವಳ್ದು ಅಂತ ಅವಳಿಗೆ ಗೊತ್ತಾಗತ್ತೆ. ಆ ಜಡೆ ತಗೊಂಬನ್ನಿ."

ಜಡೆ ಇದ್ದದ್ದು ಹೊಟ್ಟೆಬಾಕ ರಾಣಿಯ ತಲೆಯ ಮೇಲೆ.

ಅವಳು ಚೂ ಮೇಸ್ತ್ರಿಯ ಮುಂದೆ ನಿಂತಾಗ ಹದಿನೈದಕ್ಕೆ ನಾಲ್ಕು ದಿನ ಉಳಿದಿತ್ತು. ಅವನು ಕೇಳಿಸಿಕೊಂಡು ತುಂಬ ಹೊತ್ತು ಬಾಚಣಿಗೆಯ ಹಲ್ಲುಗಳನ್ನೇ ಒರೆಸಿದ.

"ಚಿತ್ರೀಕರಣ ಇನ್ನೂ ಎರಡು ವಾರ ಇದೆ, ಗ್ವೇಶ್ಯಾನ್. ಮಧ್ಯದಲ್ಲಿ ಟೋಪನ್ ಬದಲಾದ್ರೆ ಟೀವೀಲಿ ಕಾಣತ್ತೆ."

"ಇಡೀದು ಬೇಡ. ಹಿಂದುಗಡೆ, ರಾಣೀರು ಮುಡಿಗೆ ಸಿಕ್ಕಿಸೋ ಅಲಂಕಾರದ ಹಲಗೆ ಮುಚ್ಚೋ ಜಾಗದಲ್ಲಿ, ಬೆರಳು ಗಾತ್ರದ್ದು ಬಿಚ್ಕೋತೀನಿ. ಯಾರಪ್ಪನ ಕಣ್ಣಿಗೂ ಬೀಳಲ್ಲ."

ಅವನು ಸೆಟ್ಟಿಗೆ ಫೋನ್ ಮಾಡಿದ. ಟೋಪನ್ ಹೆಣೆದವಳು ಬರುತ್ತಾಳೆ, ಹಿಂದೆ ಒಂದು ಕಡೆ ಸಡಿಲವಾಗಿದೆ, ಸರಿ ಮಾಡುತ್ತಾಳೆ ಎಂದು ಸುಳ್ಳು ಹೇಳಿದ. ಫೋನ್ ಇಟ್ಟು ದನಿ ತಗ್ಗಿಸಿದ. "ಯಾಕೆ ಅಂತ ಅಲ್ಲಿ ಬಾಯಿ ಬಿಡಬೇಡ. ಸಿನಿಮಾದೋರು ಎಷ್ಟು ಹೆದರ್ತಾರೆ ಅಂತ ನಿನಗೆ ಗೊತ್ತಲ್ಲ. ಸತ್ತೋಳ ಕೂದಲು ಅಂದ್ರೆ ಮುಗೀತು."

ಗೊತ್ತಿತ್ತು. ಹೆಣದ ಪಾತ್ರ ಮಾಡಿದವರಿಗೆ ದುಡ್ಡಿಟ್ಟ ಕೆಂಪು ಲಕೋಟೆ ಕೊಟ್ಟು ದೃಷ್ಟಿ ಕಳೆಯುವ ಊರು ಅದು. ಯಾವ ಟೋಪನ್ನಿನಲ್ಲಿ ಯಾರ ಕೂದಲಿದೆಯೋ ದೇವರೇ ಬಲ್ಲ. ಆದರೆ ಹೇಳದಿದ್ದರೆ ಯಾರಿಗೂ ತೊಂದರೆಯಿಲ್ಲ.

ಹದಿಮೂರನೇ ತಾರೀಕು ಮಧ್ಯಾಹ್ನ ಅವಳು ಅರಮನೆಯ ಹಿಂದಿನ ಉದ್ಯಾನಕ್ಕೆ ಹೋದಳು. ಅಲ್ಲಿ ತಾವರೆಕೊಳದ ಸುತ್ತ ಲೈಟು, ತಂತಿ, ಜನ. ಹೋದ ಮೇಲೆಯೇ ಗೊತ್ತಾದದ್ದು, ಅವತ್ತಿನ ದೃಶ್ಯ ಯಾವುದೆಂದು. ರಾಣಿ ರಾಜನ ಊಟದಿಂದ ಒಂದು ಹುರಿದ ಬಾತುಕೋಳಿ ಎತ್ತಿಕೊಂಡು ಓಡುತ್ತಾಳೆ, ಸೇತುವೆಯ ಮೇಲೆ ಎಡವುತ್ತಾಳೆ, ಬಾತು ಕೊಳಕ್ಕೆ ಬೀಳುತ್ತದೆ, ಅದರ ಹಿಂದೆ ರಾಣಿಯೂ ಹಾರುತ್ತಾಳೆ.

"ನೀರಿಗಿಳಿಯೋಕೆ ಮುಂಚೆ ಒಂದ್ನಿಮಿಷ ಆ ಟೋಪನ್ ನೋಡ್ಕೊಳ್ಲಾ?" ಎಂದು ಅವಳು ಸಹಾಯಕ ನಿರ್ದೇಶಕನನ್ನು ಕೇಳಿದಳು.

"ಸೂರ್ಯ ಹೋಗ್ತಾ ಇದಾನೆ, ಅಮ್ಮಾವ್ರೇ. ಮುಗಿದ ಮೇಲೆ ಎಷ್ಟ್ ಬೇಕಾದ್ರೂ ನೋಡ್ಕೊಳ್ಳಿ. ಆ ಕಡೆ ನಿಂತ್ಕೊಳ್ಳಿ, ನೆರಳು ಬೀಳತ್ತೆ."

ತಾನ್ ಯುವೆ ಓಡಿ ಬಂದಳು. ಗುಲಾಬಿ ನಿಲುವಂಗಿ, ಬಗಲಲ್ಲಿ ಬಾತು, ಕೆನ್ನೆ ತುಂಬ ಕಡುಬು. ಅವಳ ಹಿಂದೆ ಕೂದಲು ನೇವರಿಸಿದ ಹಾಗೆ ಬೆನ್ನಿಗಂಟಿ ಇಳಿದಿತ್ತು. ಗ್ವೇಶ್ಯಾನ್ ಮುಖ ನೋಡಲೇ ಇಲ್ಲ. ಧಡ್ ಎಂದು ಹುಡುಗಿ ನೀರಿಗೆ ಬಿದ್ದಳು. ಕೊಳ ಎದೆಯುದ್ದ, ಆದರೂ ಒಂದು ಕ್ಷಣ ಏನೂ ಇರಲಿಲ್ಲ, ಕೂದಲು ಮಾತ್ರ ನೀರಿನ ಮೇಲೆ ಬಿಚ್ಚಿಕೊಂಡು ಹರಡಿ, ಆಮೇಲೆ ಅದೂ ಒಳಗೆ ಹೋಯಿತು. ಸುತ್ತ ನಿಂತವರು ಬಾಯಿಗೆ ಕೈ ಒತ್ತಿಕೊಂಡು ನಗು ತಡೆದರು. ಹುಡುಗಿ ಬಾತಿನ ಕಾಲನ್ನು ಹಲ್ಲಲ್ಲಿ ಕಚ್ಚಿಕೊಂಡು ಮೇಲೆ ಬಂದಳು.

"ಚೆನ್ನಾಗಿತ್ತು, ಆದ್ರೆ ಬಾತು ಕ್ಯಾಮರಾ ಬಿಟ್ಟು ಆ ಕಡೆ ತೇಲ್ಕೊಂಡು ಹೋಯ್ತು" ಎಂದರು ನಿರ್ದೇಶಕರು. "ಇನ್ನೊಂದ್ಸಲ."

ಒಣಗಿಸಿದರು, ಬಾಚಿದರು, ಮತ್ತೆ ಬೀಳಿಸಿದರು. ಈ ಸಲ ಬಾತು ಮುಳುಗಿತು. ಅದರ ಹೊಟ್ಟೆಗೆ ಏನೋ ತುಂಬಿ, ಮತ್ತೊಮ್ಮೆ ಒಣಗಿಸಿದರು, ಬಾಚಿದರು. ಗ್ವೇಶ್ಯಾನ್ ಹೊರಟುಹೋಗಬೇಕೆಂದುಕೊಂಡಳು, ಆಗಲಿಲ್ಲ. ಮೂರನೇ ಸಲ ಕೂದಲು ನೀರಿನ ಮೇಲೆ ಹರಡಿ ಒಳಕ್ಕೆ ಜಾರುತ್ತಿದ್ದಂತೆ ಅವಳು ಸೇತುವೆಯ ಕಡೆ ಓಡಿದಳು.

"ಯಾಯಾ! ಮೇಲೆ ಬಾರೇ! ಯಾರಾದ್ರೂ ಎತ್ರೋ, ನನ್ ಮಗಳನ್ನ ಎತ್ರೋ!"

ಕ್ಯಾಮರಾ ನಿಂತಿತು. ಸಹಾಯಕ ನಿರ್ದೇಶಕ ಕೈಯಲ್ಲಿದ್ದ ಕಾಗದವನ್ನು ನೆಲಕ್ಕೆ ಬಡಿದ. "ಯಾರ್ರೀ ಇವಳು? ಹುಚ್ಚೀನಾ?" ಕೊಳದಿಂದ ಮೇಲೆದ್ದ ತಾನ್ ಯುವೆ ಕಣ್ಣಿನ ನೀರು ಒರೆಸಿಕೊಳ್ಳುತ್ತ, "ಏನಾಯ್ತು ಆಂಟೀ? ನಾನು ಚೆನ್ನಾಗಿದೀನಿ, ಇಲ್ಲಿ ಆಳ ಇಲ್ಲ" ಎಂದಳು. ಆ ಮೆತ್ತನೆಯ ಮಾತೇ ಕೆಲಸ ಕೆಡಿಸಿತು. ಬೈದಿದ್ದರೆ ಗ್ವೇಶ್ಯಾನ್ ಬಾಯಿ ಮುಚ್ಚಿಕೊಳ್ಳುತ್ತಿದ್ದಳೇನೋ. ಚೂ ಮೇಸ್ತ್ರಿ ಹೇಳಿದ್ದೆಲ್ಲ ಮರೆತುಹೋಗಿ, ಎಲ್ಲವನ್ನೂ ಹೇಳಿಬಿಟ್ಟಳು. ಕೂದಲು ಯಾರದು, ಅವಳು ಎಲ್ಲಿ ಹೋದಳು, ನಾಡಿದ್ದು ಉಬ್ಬರ ಎಷ್ಟು ಹೊತ್ತಿಗೆ, ಎಲ್ಲ.

ತಾನ್ ಯುವೆಯ ಕೈ ನಿಧಾನವಾಗಿ ತಲೆಗೆ ಹೋಗಿ, ಮುಟ್ಟುವ ಮೊದಲೇ ನಿಂತುಬಿಟ್ಟಿತು.

"ತೆಗೀರಿ" ಎಂದಳು ಪಿಸುದನಿಯಲ್ಲಿ. ಆಮೇಲೆ ಕಿರುಚಿದಳು. "ತೆಗೀರಿ ಇದನ್ನ! ಬೇಗ ತೆಗೀರಿ!"

ಇಪ್ಪತ್ತೆರಡರ ಹುಡುಗಿ. ನೀರಲ್ಲಿ ಸತ್ತವಳ ಕೂದಲು ಹೊತ್ತು ಮೂರು ಸಲ ನೀರಿಗೆ ಬಿದ್ದಿದ್ದಳು, ಹೆದರಿದ್ದು ತಪ್ಪೇನಲ್ಲ. ಅಲಂಕಾರದವಳು ಅಂಟು ಕರಗುವ ತನಕವೂ ಕಾಯದೆ ಟೋಪನ್ ಕಿತ್ತಳು. ಹಣೆಯ ಅಂಚು ಹರಿಯಿತು. ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಅದನ್ನು ಬಾಚಿ ಮುದ್ದು ಮಾಡಿದವಳೇ ಈಗ ಎರಡು ಬೆರಳಲ್ಲಿ ಎತ್ತಿ ಹಿಡಿದು, ಮುಖ ಆ ಕಡೆ ತಿರುಗಿಸಿ, ಗ್ವೇಶ್ಯಾನಳ ಕೈಗೆ ಹಾಕಿದಳು.

"ತಗೊಂಡ್ಹೋಗಿ. ಇಡೀದೇ ತಗೊಂಡ್ಹೋಗಿ. ಮತ್ತೆ ಇಲ್ಲಿಗೆ ತರ್ಬೇಡಿ."

ಬೆರಳು ಗಾತ್ರದ್ದು ಕೇಳಲು ಬಂದವಳಿಗೆ ಪೂರ್ತಿ ಸಿಕ್ಕಿತು. ಯಾರೋ ಕೊಳದ ಸುತ್ತ ಅಕ್ಕಿ, ಉಪ್ಪು ಎರಚುತ್ತಿದ್ದರು. ತಾನ್ ಯುವೆ ಕಂಬಳಿ ಹೊದ್ದು ಅಳುತ್ತ ಕೂತಿದ್ದಳು. ಒದ್ದೆ ಟೋಪನ್ನನ್ನು ಗ್ವೇಶ್ಯಾನ್ ಸೊಂಟಕ್ಕೆ ಕಟ್ಟಿದ್ದ ತನ್ನ ಕೆಲಸದ ಬಟ್ಟೆಯಲ್ಲಿ ಸುತ್ತಿಕೊಂಡು ಅರಮನೆಯ ಬಾಗಿಲು ದಾಟಿದಳು. ಬಾಗಿಲ ಕಾವಲಿನ ನಕಲಿ ಸೈನಿಕರು ಸುದ್ದಿ ಆಗಲೇ ತಿಳಿದು ಎರಡು ಹೆಜ್ಜೆ ಹಿಂದೆ ಸರಿದರು. ಅಷ್ಟು ಆಸೆಪಟ್ಟು ಅರಮನೆ ಸೇರಿದ ಮಗಳನ್ನು ಹೀಗೆ ನೂಕಿದರಲ್ಲ ಎಂದುಕೊಂಡಳು. ನಗಿಸಿದಷ್ಟು ದಿನ ಎಲ್ಲರಿಗೂ ಬೇಕಾಗಿದ್ದಳು.

ಹದಿನಾಲ್ಕರ ಬೆಳಿಗ್ಗೆ ಬಸ್ಸು ಹತ್ತಿದಳು, ಆಮೇಲೆ ಹಡಗು. ದಾರಿಯುದ್ದಕ್ಕೂ ತೊಡೆಯ ಮೇಲೆ ಟೋಪನ್ ಇಟ್ಟುಕೊಂಡು ಗಂಟು ಬಿಚ್ಚುತ್ತಲೇ ಇದ್ದಳು. ಹಾಕುವುದಕ್ಕಿಂತ ಬಿಚ್ಚುವುದು ಕಷ್ಟ. ಅವಳ ಗಂಟು ಅಷ್ಟು ಬಿಗಿ; ಸಡಿಲವಾಗದವನ್ನು ಬುಡದಲ್ಲೇ ಕತ್ತರಿಸಿದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಬಗ್ಗಿ ನೋಡಿ, "ಇಷ್ಟು ಚೆಂದದ್ದನ್ನ ಯಾಕ್ರೀ ಹಾಳ್ ಮಾಡ್ತೀರಿ?" ಎಂದಳು. ಗ್ವೇಶ್ಯಾನ್ ಮುಂದಿನ ಗಂಟಿಗೆ ಸೂಜಿ ಹಾಕಿದಳು. ಹಡಗು ದ್ವೀಪ ಮುಟ್ಟುವ ಹೊತ್ತಿಗೆ ಬೇರೆಯವರ ಕೂದಲೆಲ್ಲ ಬಟ್ಟೆಯಲ್ಲೇ ಉಳಿದಿತ್ತು, ಮಗಳದು ಮಡಿಲಲ್ಲಿ ಒಟ್ಟಾಗಿತ್ತು. ಅದನ್ನು ಮೂರೆಳೆಯ ಜಡೆ ಹೆಣೆದಳು. ಮೊದಲಿಗಿಂತ ತೆಳು, ಮೊದಲಿಗಿಂತ ಗಿಡ್ಡ.

ಸೈದಿ ಹಡಗುಕಟ್ಟೆಯಲ್ಲೇ ನಿಂತಿದ್ದಳು. ಜಡೆಯನ್ನು ಎರಡೂ ಕೈಯೊಡ್ಡಿ ಇಸಿದುಕೊಂಡು, ಮನೆಗೆ ಒಯ್ದು, ಸೀನೀರಲ್ಲಿ ತೊಳೆದಳು. ಮೂರು ನೀರು ಬದಲಾಯಿಸಿದಳು. ನಡುಮನೆಯಲ್ಲಿ ಹುಲ್ಲಿನ ಮೈ ಮಲಗಿತ್ತು, ಮದುವೆಯ ಕೆಂಪು ಅಂಗಿ ತೊಟ್ಟು. ಸೊಂಟದ ಅಳತೆ, ಭುಜದ ಅಳತೆ ಎಲ್ಲ ಯಾಯಾಳದೇ. ಅಷ್ಟು ಸರಿಯಾಗಿ ಕಟ್ಟಬೇಕಾದರೆ ಸೊಸೆಯನ್ನು ಎಷ್ಟು ನೋಡಿರಬೇಕು ಎಂದು ಗ್ವೇಶ್ಯಾನಳಿಗೆ ಅನ್ನಿಸಿತು. ಇಬ್ಬರೂ ಸೇರಿ ಜಡೆಯನ್ನು ಹುಲ್ಲಿನ ತಲೆಗೆ ಹೊಲಿದರು.

ಮಾರನೆಯ ದಿನ ಹನ್ನೊಂದರ ಹೊತ್ತಿಗೆ ನೀರು ಕಟ್ಟೆಯ ಕೊನೆಯ ಕಲ್ಲಿಗೆ ಬಂತು. ಹುಲ್ಲಿನ ಮೈಯನ್ನು ದಂಡೆಯ ಕುರ್ಚಿಯಲ್ಲಿ ಕೂರಿಸಿ ಸಮುದ್ರದ ಕಡೆ ಮುಖ ಮಾಡಿಸಿದರು. ಪೂಜಾರಿ ಗಂಟೆ ಬಾರಿಸಿ, "ತಾಯಿ ಕರೀಲಿ. ಓಗೊಡೋರು ಯಾರು? ಮಕ್ಕಳು ಎಲ್ಲಿ?" ಎಂದು ಕೇಳಿದ. ಕರೆದಾಗ ಸತ್ತವರ ಪರವಾಗಿ ಅವರ ಮಕ್ಕಳು 'ಬಂದೆ' ಎನ್ನಬೇಕು. ಓಗೊಡುವವರಿಲ್ಲದೆ ನೀರು ಯಾರನ್ನೂ ಬಿಟ್ಟುಕೊಡುವುದಿಲ್ಲ ಎಂಬುದು ಅಲ್ಲಿಯ ನಂಬಿಕೆ. ಸುತ್ತಲಿನವರು ಮುಖ ಮುಖ ನೋಡಿಕೊಂಡರು. ಮಕ್ಕಳಿರಲಿಲ್ಲ. "ಗಂಡನೇ ಹೇಳ್ಲಿ" ಎಂದರು ಯಾರೋ.

"ಯಾಯಾ, ಮನೆಗೆ ಬಾ!" ಎಂದು ಗ್ವೇಶ್ಯಾನ್ ಕರೆದಳು.

ಯುಂಗ್‌ಚಾವ್ ಬಾಯಿ ತೆರೆದ. ದನಿಯೇ ಬರಲಿಲ್ಲ. ಅವತ್ತು ದೋಣಿಯಿಂದ ಇಳಿದಾಗಿನಿಂದ ಅವನು ಮಾತಾಡಿದ್ದೇ ಕಡಿಮೆ. ಈಗ ಮಂಡಿಯೂರಿ ಮರಳಿಗೆ ಹಣೆಯಿಟ್ಟುಬಿಟ್ಟ. ಗ್ವೇಶ್ಯಾನ್ ಎರಡನೇ ಸಲ ಕರೆದಳು. ನೀರು ಕಲ್ಲಿಗೆ ಬಡಿಯುವ ಸದ್ದಷ್ಟೇ. ಜಡೆ ತಂದದ್ದು, ಹೊಲಿದದ್ದು ಎಲ್ಲ ವ್ಯರ್ಥವಾಯಿತು, ಮಗಳು ಅಲ್ಲೇ ಉಳಿದಳು ಎಂದು ಅವಳ ಎದೆ ಒಡೆಯಿತು. ಮೂರನೇ ಸಲದ ಕರೆ ಅರ್ಧಕ್ಕೇ ನಿಂತಿತು.

"ಬಂದೇ, ಅಮ್ಮಾ!"

ಒಡಕು ಗಂಟಲು. ಎಲ್ಲರೂ ತಿರುಗಿದರು. ಸೈದಿ ಹುಲ್ಲಿನ ಮೈಯ ಪಕ್ಕದಲ್ಲಿ ನಿಂತು, ಅದರ ಕೈ ಹಿಡಿದುಕೊಂಡಿದ್ದಳು.

ಪೂಜಾರಿ ಗಾಬರಿಯಾಗಿ ಗಂಟೆ ತಡೆದ. "ಏಯ್ ಸೈದಿ, ಹಿರಿಯರು ಓಗೊಡಬಾರ್ದು! ಯಾರ ದನಿ ಕೇಳ್ತೋ ಅವರನ್ನ ಸಮುದ್ರ ಗುರುತಿಟ್ಕೊಳ್ಳತ್ತೆ. ನಾಳೆ ನೀನೂ ದೋಣಿ ಹತ್ಬೇಕಲ್ವೇನೇ?"

"ಇಟ್ಕೊಳ್ಲಿ ಬಿಡು. ಮಕ್ಕಳಿಲ್ಲ ಮಕ್ಕಳಿಲ್ಲ ಅಂತ ಆ ಹುಡುಗೀನ ಸುಟ್ಟವಳು ನಾನು, ನಾನೇ ಹೇಳ್ತೀನಿ." ಅವಳು ಗ್ವೇಶ್ಯಾನಳ ಕಡೆ ತಿರುಗಿದಳು; ಮುಖ ಒದ್ದೆಯಾಗಿತ್ತು. "ಕರೀರಿ ಬೀಗಿತ್ತಿ. ನಿಲ್ಲಿಸ್ಬೇಡಿ, ದಾರಿ ತಪ್ಪತ್ತೆ ಅವಳಿಗೆ."

ಗ್ವೇಶ್ಯಾನ್ ಕರೆದಳು. "ಯಾಯಾ, ಮನೆಗೆ ಬಾರೇ!"

"ಬಂದೆ ಅಮ್ಮಾ, ಬರ್ತಾ ಇದೀನಿ!"

ಹುಲ್ಲಿನ ಮೈಯನ್ನು ಹೊತ್ತುಕೊಂಡು ಎಲ್ಲರೂ ಮನೆಯ ಕಡೆಗಿನ ಗುಡ್ಡದ ಮೆಟ್ಟಿಲು ಹತ್ತತೊಡಗಿದರು. ನೂರಾ ನಲವತ್ತು ಮೆಟ್ಟಿಲು. ಮನೆಯ ಹೊಸಿಲು ಮುಟ್ಟುವ ತನಕ ಒಬ್ಬಳು ಕರೆಯುತ್ತಲೇ ಇದ್ದಳು, ಇನ್ನೊಬ್ಬಳು ಓಗೊಡುತ್ತಲೇ ಇದ್ದಳು.